ಗಿಡ ಕುಡಿದ ಸೀಸ

ನಾರುತ್ತಿದೆ, ಸಗಣಿಯಲ್ಲ, ಸಗಣಿ ವಾಸನೆ ನನಗೆ ಗೊತ್ತಿಲ್ಲವೇ, ಇದು ಕೊಳದ ನಾತ, ನಮ್ಮ ಬ್ಯಾಟರಿ ಕಾರ್ಖಾನೆಯ ಹಿಂದಿನ ಕೊಳದ್ದು, ಭಾನುವಾರ ಬೆಳಿಗ್ಗೆ ಅಣ್ಣನ ಕೊಟ್ಟಿಗೆಗೆ ಹೇಗೆ ಬಂತು — ಗೋದಲಿ ತುಂಬ ಹಸುರು ರಾಶಿ, ಉಬ್ಬಿದ ತೊಟ್ಟು, ನೇರಳೆ ಹೂವು, ಒದ್ದೆ ಕೂದಲ ಹಾಗೆ ಜೋತುಬಿದ್ದ ಕರೀ ಬೇರು, ಅಂತರಗಂಗೆ, ನಾನೇ ಕೊಳಕ್ಕೆ ಬಿಡಿಸಿದ ಅಂತರಗಂಗೆ, ಹಸು ಅದನ್ನು ಕಚಕಚ ಅಗಿಯುತ್ತಿದೆ, ಕಟವಾಯಿಂದ ಹಸುರು ಜೊಲ್ಲು, ಥೂ. ನೀರಿನ ಸೀಸವನ್ನ ಗಿಡ ಕುಡಿಯುತ್ತೆ ಸಾರ್, ಅಂತ ಕಾರ್ಖಾನೆ ಯಜಮಾನರಿಗೆ ವಿವರಿಸಿದವಳು ನಾನು, ವಾರ ವಾರ ನೀರು ಪರೀಕ್ಷೆ ಮಾಡಿ ಸೀಸ ಇಳೀತಿದೆ ಅಂತ ಹಿಗ್ಗಿದವಳು ನಾನು, ಅವರು ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಆಮೇಲೆ ಕೇಳಿದರು, ಕುಡಿದ ಗಿಡ ಏನಾಗುತ್ತಮ್ಮ, ಕಿತ್ತು ಸಿಮೆಂಟು ಗುಂಡಿಯಲ್ಲಿ ಮುಚ್ಚಬೇಕು ಸಾರ್, ಸಾಗಿಸೋರು ಯಾರು, ನಮ್ಮಣ್ಣನ ಹತ್ರ ಟ್ರ್ಯಾಕ್ಟರ್ ಇದೆ ಸಾರ್ — ಎಲುಬಿಲ್ಲದ ನಾಲಿಗೆ, ಆವತ್ತೇ ಸೇದಿಹೋಗಬಾರದಿತ್ತೇ.

ಯಾಕೇ ಹಂಗೆ ನಿಂತೆ, ಅಣ್ಣ ಹಾಲಿನ ಕ್ಯಾನು ಹಿಡಿದು ಬರುತ್ತಾನೆ, ನಗುತ್ತಾನೆ, ಇಷ್ಟು ಎಳೇ ಸೊಪ್ಪು ಹೂಳೋಕೆ ಮನಸ್ಸಾದ್ರೂ ಹೆಂಗೆ ಬರುತ್ತೆ, ಕಸದಿಂದ ರಸ ಕಣೇ, ಹಾಲು ಹೆಂಗೆ ಏರಿದೆ ನೋಡು. ಯಾವಾಗಿಂದ ಅಣ್ಣಾ. ಮಗಳಿಗೆ ಹೆರಿಗೆ ಆದಾಗಿಂದ, ಬಾಣಂತಿಗೆ ಹಾಲು ಬೇಡ್ವಾ. ನನ್ನ ಕೈಯಲ್ಲಿ ಅತ್ತಿಗೆ ಕೊಟ್ಟ ಲೋಟ, ಅರ್ಧ ಖಾಲಿ, ಗಂಟಲಿಗೆ ಕೆನೆ ಅಂಟಿದೆ, ಪ್ರತಿ ಭಾನುವಾರ ಬಂದು ಕುಡಿದೆನಲ್ಲ, ಎಷ್ಟು ಗಟ್ಟಿ ಹಾಲು ಅತ್ತಿಗೆ ಅಂತ ತುಟಿ ಸವರಿಕೊಂಡೆನಲ್ಲ. ಅದು ವಿಷ ಹೀರಿದ ಗಿಡ ಅಂತ ನಿನಗೆ ಹೇಳಿರಲಿಲ್ವಾ. ನೀನು ಹೇಳಿದ್ದೆ ಕಣೇ, ಹಸು ಸತ್ತಿದೆಯಾ, ಗುಂಡುಕಲ್ಲಿನ ಹಾಗಿದೆ, ನೀನು ಓದಿದ್ದು ಜಾಸ್ತಿಯಾಯ್ತು. ಗೊತ್ತಿತ್ತು, ಗೊತ್ತಿದ್ದೂ ಹಾಕಿದ, ಸ್ವಂತ ಮಗಳ ಬಾಯಿಗೆ — ಫೋನು, ಯಜಮಾನರಿಗೆ ಹೇಳಬೇಕು, ಸಾರ್ ಗಿಡ ಗುಂಡಿಗೆ ಹೋಗ್ತಿಲ್ಲ, ಹಸು ತಿಂತಿದೆ, ಆಕಡೆ ಆಕಳಿಕೆ, ನೀರು ಸರಿಯಿದೆ ತಾನೇ, ಮತ್ತೇನಮ್ಮ, ಗೇಟು ದಾಟಿದ ಮೇಲೆ ಅದು ನಮ್ಮದಲ್ಲ, ಭಾನುವಾರ ಒಂದಿನ ನೆಮ್ಮದಿಯಾಗಿರೋಕೆ ಬಿಡಿ. ಬೇಲಿಯೇ ಹೊಲ ಮೇಯ್ದರೆ ಯಾರನ್ನ ಕೂಗೋದು, ಇಬ್ಬರ ಮಾತೂ ಒಂದೇ ನಾತ, ಮೊದಲು ಗಿಡ, ಗೋದಲಿಗೆ ಕೈ ಹಾಕಿ ಬಾಚಿದೆ, ಬೇರು ಮೊಣಕೈವರೆಗೂ ಲೋಳೆಯಾಗಿ ಸುತ್ತಿಕೊಂಡಿತು, ಕೊಡವಿದೆ, ಅಣ್ಣ ಕೆಳಗಿಟ್ಟ ಕ್ಯಾನನ್ನು ಒದ್ದು ಉರುಳಿಸಿದೆ, ಹಾಲು ಗಂಜಳದ ಚರಂಡಿಗೆ ಹರಿಯಿತು, ಅಯ್ಯೋ ಇವಳಿಗೇನು ಬಂತು ರೋಗ, ಅತ್ತಿಗೆ ಚೀರಿದರು, ಅಣ್ಣ ಕೈಯೆತ್ತಿದ, ಎತ್ತಲಿ, ಹೊಡೆಯಲಿ, ಅವನನ್ನು ತಳ್ಳಿಕೊಂಡು ಒಳಗೆ ಓಡುತ್ತೇನೆ, ಕುಡೀಬೇಡ ಕಣೇ, ಆ ಹಾಲು ಮುಟ್ಟಬೇಡ —

ಅತ್ತೆ, ಮೆಲ್ಲಗೆ, ಮಗು ಈಗಷ್ಟೇ ಬಾಯಿ ಹಾಕಿದೆ. ಅಣ್ಣನ ಮಗಳು ಗೋಡೆಗೊರಗಿ ಕೂತಿದ್ದಾಳೆ, ಪಕ್ಕದಲ್ಲಿ ಲೋಟ ಬೋರಲು, ಕುಡಿದಾಗಿದೆ, ಸೆರಗಿನೊಳಗೆ ಚೀಪುವ ಸದ್ದು, ಚಪ್ ಚಪ್, ಪುಟ್ಟ ದವಡೆ ಆಡುತ್ತಿದೆ, ನಿಲ್ಲಿಸು ಅಂತ ಹೇಳಬೇಕು, ಹೇಗೆ ಹೇಳಲಿ, ಮಗು ಕ್ಷಣ ಬಿಟ್ಟು ಉಸಿರೆಳೆದುಕೊಳ್ಳುತ್ತದೆ, ತುಟಿಯಂಚಲ್ಲಿ ಒಂದು ಹನಿ, ಬಿಳೀ ಹನಿ, ಮತ್ತೆ ಬಾಯಿ ಹಾಕುತ್ತದೆ, ಚಪ್ ಚಪ್, ಮತ್ತೆ ಹನಿ, ಬಿಳೀ, ಅದೇ ಹನಿ