ಮಿಕ್ಸರ್ ಮೇಲೆ ಅಕ್ಷತೆ

ಅವಿನಾಶನನ್ನು ಡಿಜೆ ಎಂದು ಕರೆಯುವುದಾದರೆ ನಮ್ಮ ಮನೆಯ ರೈಸ್ ಕುಕ್ಕರನ್ನೂ ಹಾಗೇ ಕರೆಯಬಹುದು. ಈ ಜಪಾನ್ ದೇಶದ ಕುಕ್ಕರುಗಳು ಗುಂಡಿ ಒತ್ತಿದಾಗ ಒಂದು ರಾಗ ಹಾಡುತ್ತವೆ, ಕೆಲಸ ಮುಗಿದಾಗ ಇನ್ನೊಂದು. ಅವಿನಾಶ ಮಾಡುವುದೂ ಅಷ್ಟೇ. ಕುಕ್ಕರಿನಲ್ಲಿ ಕೊನೆಗೆ ಅನ್ನವಾದರೂ ಸಿಗುತ್ತದೆ.

ಹಗಲಲ್ಲಿ ಅವನು ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರು. ಟೋಕಿಯೋ ಪಕ್ಕದ ಗ್ಯೋಟೋಕುವಿನ ನಮ್ಮ ಕನ್ನಡ ಕೂಟದಲ್ಲಿ ಮಾತ್ರ ಯಾವ ಹಬ್ಬ ಮಾಡಿದರೂ ಕೊನೆಯ ಅರ್ಧ ಗಂಟೆ ‘ಡಿಜೆ ಅವಿ’ಗೆ ಮೀಸಲು. ಸಿನಿಮಾ ಹಾಡುಗಳನ್ನು ಮನೆಯಲ್ಲೇ ಒಂದಕ್ಕೊಂದು ಅಂಟಿಸಿ ಲ್ಯಾಪ್‌ಟಾಪಿನಲ್ಲಿ ತರುತ್ತಾನೆ. ವೇದಿಕೆ ಹತ್ತಿ ಒಮ್ಮೆ ಪ್ಲೇ ಒತ್ತುತ್ತಾನೆ. ಆಮೇಲೆ ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಸದ್ದುಗಳನ್ನು ಬೆರೆಸುವ ಮಿಕ್ಸರಿನ ನಾಲ್ಕನೇ ಚಾನೆಲ್ಲಿನ ತಿರುಪುಗಳನ್ನು ತಿರುಗಿಸುತ್ತಲೇ ಇರುತ್ತಾನೆ. ಆ ಚಾನೆಲ್ಲಿಗೆ ಒಂದು ತಂತಿಯೂ ಸಿಕ್ಕಿಸಿರುವುದಿಲ್ಲ. ಜನ ಮಾತ್ರ ‘ಅವಿ, ಅವಿ’ ಎಂದು ಕುಣಿಯುತ್ತಾರೆ. ಹಾಳೂರಿಗೆ ಉಳಿದವನೇ ಗೌಡ.

ನನಗೆ ಹೊಟ್ಟೆಕಿಚ್ಚು ಅಂದುಕೊಳ್ಳುವವರು ಅಂದುಕೊಳ್ಳಲಿ. ನನ್ನ ಹತ್ತಿರವೂ ನಾಲ್ಕು ಚಾನೆಲ್ಲಿನ ಮಿಕ್ಸರ್ ಇತ್ತು, ನಾನು ಅದನ್ನು ವಾದ್ಯದ ಹಾಗೆ ನುಡಿಸುತ್ತಿದ್ದೆ. ಒಂದಕ್ಕೆ ಡ್ರಮ್ ಮಷೀನು, ಒಂದಕ್ಕೆ ಸಿಂಥ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡು, ಇನ್ನೊಂದಕ್ಕೆ ತೋಝಾಯ್ ಲೈನಿನ ರೈಲಿನಲ್ಲಿ ಹಿಡಿದಿಟ್ಟುಕೊಂಡ ಸದ್ದುಗಳು. ಚಕ್ರದ ಸದ್ದಿನ ಬುಡ, ಎಂದರೆ ಅದರ ತಗ್ಗು ದನಿ, ಕತ್ತರಿಸಿ, ಅದೇ ಜಾಗಕ್ಕೆ ಡ್ರಮ್ಮಿನ ಬುಡ ಬಿಡುವುದು; ಸಿಂಥಿನ ಒಂದೇ ಸ್ವರವನ್ನು ಪ್ರತಿಧ್ವನಿಗೆ ತಳ್ಳಿ, ಸದ್ದು ಏರಿಸಿ ಇಳಿಸುವ ಫೇಡರ್ ಅನ್ನು ಬೆರಳ ತುದಿಯಲ್ಲಿ ಕೂದಲೆಳೆಯಷ್ಟು ಇಳಿಸುವುದು. ಒಂದು ತಂತಿಯನ್ನು ಕಂಪ್ಯೂಟರಿಗೆ ಹಾಕಿದರೆ ಅಡುಗೆಮನೆಯ ಪಕ್ಕದ ಮೇಜೇ ಸ್ಟುಡಿಯೋ, ಕೈ ನುಡಿಸಿದ್ದೆಲ್ಲ ಹಾಗೇ ರೆಕಾರ್ಡ್ ಆಗುತ್ತಿತ್ತು. ಕೂಟದ ಹೆಂಗಸರಿಗೆ ನಾನು ‘ಪಾಪ, ಮಕ್ಕಳಿಲ್ಲ, ಏನೋ ಒಂದು ಮಾಡ್ಕೋತಾಳೆ’. ನನ್ನ ಗಂಡ ಶ್ರೀನಾಥ ಅದೇ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿ. ಯಾರಿಗೂ ಇಲ್ಲ ಅನ್ನದ ಒಳ್ಳೆಯ ಮನುಷ್ಯ. ಅಂಥವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು.

ಟೋಕಿಯೋದ ಕೋಎಂಜಿಯಲ್ಲಿ, ನೆಲಮಾಳಿಗೆಯಲ್ಲಿ, ಸಂಗೀತ ಕಾರ್ಯಕ್ರಮ ನಡೆಯುವ ಒಂದು ಲೈವ್ ಹೌಸ್ ಇದೆ. ಅದರ ಮಾಲೀಕ ಓಗಾವಾ ಸಾನ್ ಒಂದು ಸಣ್ಣ ರೆಕಾರ್ಡ್ ಕಂಪನಿಯನ್ನೂ ನಡೆಸುತ್ತಾರೆ. ನನ್ನ ಸಂಗೀತ ಕೇಳಿ ಅವರೇ ಕರೆದರು. ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಜನರ ಮುಂದೆ ನುಡಿಸಬೇಕು, ಮಿಕ್ಸರಿನಿಂದ ನೇರವಾಗಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ, ಅದೇ ನಿಮ್ಮ ಹೆಸರಿನಲ್ಲಿ ಹೊರಗೆ ಬರುತ್ತದೆ ಎಂದರು. ನಾನು ಹೂಂ ಎಂದೆ. ಮನಸ್ಸಿನಲ್ಲೇ ಇನ್ನೊಂದನ್ನೂ ತೀರ್ಮಾನಿಸಿದೆ: ಕೊನೆಯ ಹಾಡನ್ನು ಮೈಕ್ ಹಿಡಿದು ನಾನೇ ಹಾಡುತ್ತೇನೆ.

ನಾನು ಹಾಡುವವಳಲ್ಲ. ಶಾಲೆಯಲ್ಲಿ ಸಂಗೀತದ ಮೇಷ್ಟ್ರು ‘ಗಂಡು ಗಂಟಲು’ ಎಂದು ಹಿಂದಿನ ಸಾಲಿಗೆ ಕಳಿಸಿದರು. ಮದುವೆಯಾದ ಮೊದಲ ಗೌರಿ ಹಬ್ಬದಲ್ಲಿ ಅತ್ತೆ ನಯವಾಗಿ, ‘ನೀನು ತಟ್ಟೆ ಹಿಡ್ಕೋಮ್ಮಾ, ಹಾಡೋರು ಹಾಡ್ತಾರೆ’ ಎಂದರು. ಅವತ್ತಿನಿಂದ ಹನ್ನೊಂದು ವರ್ಷ ಬಚ್ಚಲಲ್ಲೂ ಗುನುಗಿಲ್ಲ. ಈಗ ಕನ್ನಡದಲ್ಲಿ ನಾನೇ ಒಂದು ಹಾಡು ಬರೆದಿದ್ದೆ. ಶ್ರೀನಾಥ ಆಫೀಸಿಗೆ ಹೋದ ಮೇಲೆ ಮೈಕನ್ನು ತುಟಿಗೆ ತಾಗಿಸಿ, ಪಿಸುಮಾತಿಗಿಂತ ತುಸು ಮೇಲೆ, ಅದನ್ನು ಅಭ್ಯಾಸ ಮಾಡಿದೆ. ಒಂದು ಸಲ, ಒಂದೇ ಒಂದು ಸಲ, ಆ ದನಿಯನ್ನು ನಾಲ್ಕು ಜನ ಕೇಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ನನ್ನ ಕಾರ್ಯಕ್ರಮದ ಹಿಂದಿನ ಭಾನುವಾರ ಕೂಟದ ಆಯುಧಪೂಜೆ. ಲೈವ್ ಹೌಸ್ ನೋಡಿಕೊಂಡು ನಾನು ತಡವಾಗಿ ಬಂದೆ. ಬಾಡಿಗೆ ಹಾಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಬೂದುಗುಂಬಳ ಒಡೆಯುವಂತಿಲ್ಲ. ಹಾಗಾಗಿ ಬ್ಯಾಟರಿ ದೀಪ. ಮಂಗಳಾರತಿ ಇಲ್ಲದ ಕೊರತೆಯನ್ನೆಲ್ಲ ನಮ್ಮ ಅಧ್ಯಕ್ಷರಾದ ಬಾಲಸುಬ್ರಹ್ಮಣ್ಯ ಅವರು ಅರಿಸಿನ, ಕುಂಕುಮ, ಅಕ್ಷತೆಯಲ್ಲಿ ತುಂಬುತ್ತಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪುಗಳು, ಯಾರದೋ ಡ್ರಿಲ್ಲಿಂಗ್ ಮಷೀನು, ಒಂದು ಸೈಕಲ್ ಹೆಲ್ಮೆಟ್ಟು. ನಟ್ಟನಡುವೆ, ಮೈತುಂಬ ಅರಿಸಿನ ಕುಂಕುಮ ಬಳಿಸಿಕೊಂಡು, ನನ್ನ ಮಿಕ್ಸರ್.

“ಶ್ರೀ! ಇದು ಇಲ್ಲಿಗೆ ಹೆಂಗ್ ಬಂತು?”

“ಅವಿ ಕೇಳ್ದ ಕಣೆ. ಪ್ರೋಗ್ರಾಂಗೂ ಬೇಕಿತ್ತು, ಪೂಜೆಗೂ ಆಗತ್ತೆ ಅಂದ.”

“ಅವನದೇ ಇದ್ಯಲ್ಲ, ಅಷ್ಟು ದೊಡ್ಡದು!”

“ಅವನದು ಹೊಸದು ಕಣೆ. ಕುಂಕುಮ ಬಿದ್ರೆ ಕಲೆ ಆಗತ್ತಂತೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಲು ಸರ್ ಇನ್ನೊಂದು ಹಿಡಿ ಅಕ್ಷತೆ ಎಸೆದರು. ಲ್ಯಾಪ್‌ಟಾಪಿನ ಮೇಲೆ ಬಿದ್ದರೆ ಒರೆಸಬಹುದು. ಫೇಡರ್ ಎಂದರೆ ಉದ್ದನೆಯ ಸೀಳಿನಲ್ಲಿ ಜಾರುವ ಗುಂಡಿ. ಅಕ್ಕಿ ಕಾಳು ಇಳಿಯಲೆಂದೇ ಕೊರೆದಂತಿರುತ್ತದೆ ಆ ಸೀಳು. “ಸರ್, ಒಳಗೆ ಹೋಗ್ತಿದೆ!” ಎಂದು ಕೂಗಿದೆ.

“ಹೋಗ್ಲಿ ಬಿಡಮ್ಮಾ, ಒಳಗೂ ದೇವರಿದ್ದಾನೆ,” ಎಂದು ತೀರ್ಥ ಚಿಮುಕಿಸಿದರು. ಜನ ಕೈ ಮುಗಿದರು. ನನಗೆ ಅತ್ತುಬಿಡಬೇಕು ಅನ್ನಿಸಿತು.

ಮನೆಗೆ ತಂದು ನೋಡಿದರೆ ಮೂರನೇ ಫೇಡರ್ ಅರ್ಧಕ್ಕೆ ಕಚ್ಚಿಕೊಂಡಿತ್ತು, ಎರಡನೆಯದು ಕರಕರ ಎನ್ನುತ್ತಿತ್ತು. ರಿಪೇರಿಗೆ ಮೂರು ವಾರ ಎಂದರು. ಬಾಡಿಗೆಗೆ ಸಿಗುವುದು ಬೇರೆ ಕಂಪನಿಯದು, ನನ್ನ ಕೈಗೆ ಅಭ್ಯಾಸವಿಲ್ಲ. ನನ್ನದೇ ಕಂಪನಿಯ ಮಿಕ್ಸರ್ ಗೊತ್ತಿದ್ದವರಲ್ಲಿ ಒಬ್ಬನ ಹತ್ತಿರವೇ ಇತ್ತು. ಶ್ರೀನಾಥ ಆಗಲೇ ಫೋನ್ ಹಚ್ಚಿಬಿಟ್ಟಿದ್ದ.

“ಅಯ್ಯೋ, ನಂದೇ ತಗೊಳ್ಳಿ ಹಂಸಾ! ಬಟ್ ಒಂದ್ ಕಂಡೀಷನ್,” ಎಂದ ಅವಿನಾಶ. “ಸ್ಟೇಜ್ ಮೇಲೆ ನಾನೂ ಇರ್ತೀನಿ. ಸೆನ್ಸಿಟಿವ್ ಪೀಸ್ ನೋಡಿ, ಒಬ್ರ ಕೈಗೆ ಕೊಟ್ಟು ರೂಢಿ ಇಲ್ಲ. ನಂಗೊಂದ್ ಚಾನೆಲ್ ಬಿಡಿ ಸಾಕು. ಕೊಲ್ಯಾಬೊರೇಷನ್ ಅನ್ನೋಣ.”

ಬಿಟ್ಟೆ. ನಾಲ್ಕನೆಯದು, ತಂತಿ ಹಾಕದೆ; ಮೈಕಿಗೆ ಹೇಗೂ ಬೇರೆಯದೇ ತೂತು ಇತ್ತು. ಅವನಿಗೆ ಅದರದ್ದೇ ಅಭ್ಯಾಸ ತಾನೇ.

ಶನಿವಾರ ಅವನು ಪೆಟ್ಟಿಗೆ ತೆರೆದಾಗ ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಯವರು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಮಿಕ್ಸರಿನ ಮೇಲೆ ಇತ್ತು. “ಸ್ಕ್ರ್ಯಾಚ್ ಆಗ್ಬಾರ್ದಲ್ವಾ,” ಎಂದ. ಮಂಗನ ಕೈಯಲ್ಲಿ ಮಾಣಿಕ್ಯ ಎಂದರೆ ಮಂಗಕ್ಕೆ ಅವಮಾನ. ಅದು ಮಾಣಿಕ್ಯವನ್ನು ಕಚ್ಚಿಯಾದರೂ ನೋಡುತ್ತದೆ. ಹಾಳೆಯನ್ನು ನಾನೇ ಕಿತ್ತೆ.

ಇಪ್ಪತ್ತು ಮೂವತ್ತು ಜನ ಜಪಾನಿಗರು ಮಡಿಚುವ ಕುರ್ಚಿಗಳಲ್ಲಿ ಉಸಿರಾಡುವ ಸದ್ದೂ ಬಾರದಂತೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಶ್ರೀನಾಥ, ಬಾಲು ಸರ್. ಗೋಡೆಯ ಬಳಿ ರೆಕಾರ್ಡರ್ ಮುಂದೆ ಓಗಾವಾ ಸಾನ್. ನಾನು ಹೆಡ್‌ಫೋನ್ ಹಾಕಿಕೊಂಡು ಶುರುಮಾಡಿದೆ. ರೈಲು ಬಂತು, ಡ್ರಮ್ಮು ಬಂತು, ಒಂದರೊಳಗೊಂದು ಕರಗಿದವು. ಪಕ್ಕದಲ್ಲಿ ಅವಿನಾಶ ತನ್ನ ನಾಲ್ಕನೇ ಚಾನೆಲ್ಲನ್ನು ಹಿಟ್ಟು ನಾದುವಂತೆ ನಾದುತ್ತಿದ್ದ. ನಾದಲಿ, ಮಹಾರಾಯ.

ಕೊನೆಯ ಹಾಡು. ಕಣ್ಣು ಮುಚ್ಚಿ, ಮೈಕಿಗೆ ತುಟಿ ತಾಗಿಸಿ, ಮನೆಯಲ್ಲಿ ಅಭ್ಯಾಸ ಮಾಡಿದಷ್ಟೇ ಮೆಲ್ಲಗೆ ಹಾಡಿದೆ. ಹೆಡ್‌ಫೋನಿನಲ್ಲಿ ನನ್ನದೇ ದನಿ ನನಗೆ ಕೇಳುತ್ತಿತ್ತು, ದಪ್ಪಗೆ, ತುಸು ಒಡೆದು, ಆದರೆ ನೆಟ್ಟಗೆ. ಚೆನ್ನಾಗಿತ್ತು. ನಾನೇ ಹೇಳುತ್ತೇನೆ, ತುಂಬಾ ಚೆನ್ನಾಗಿತ್ತು. ಮುಗಿಸಿ ಕಣ್ಣು ಬಿಟ್ಟೆ. ಅವಿನಾಶ ಒಂದು ಕೈ ಮೇಲೆತ್ತಿ, ಇನ್ನೊಂದರಲ್ಲಿ ಏನನ್ನೋ ಜೋರಾಗಿ ತಿರುಗಿಸಿ ನಿಂತಿದ್ದ. ಡ್ರಮ್ಮು ಗುಡುಗಿತು. ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು.

“ಏನ್ ಕಂಠ ಅಮ್ಮಾ, ಏನ್ ಕಂಠ!” ಎಂದರು ಬಾಲು ಸರ್.

ರೈಲಿನಲ್ಲಿ ಶ್ರೀನಾಥ ನನ್ನ ಕೈ ಹಿಡಿದುಕೊಂಡ. “ಎಷ್ಟ್ ಚೆನ್ನಾಗ್ ಹಾಡ್ದೆ ಕಣೆ. ಕಣ್ಣಲ್ಲಿ ನೀರು ಬಂತು.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಗ್ಯೋಟೋಕು ಬರುವವರೆಗೂ ಅಳುತ್ತಿದ್ದೆ, ಸಂತೋಷಕ್ಕೆ.

ಮುಂದಿನ ವಾರ ಓಗಾವಾ ಸಾನ್ ಕಾಫಿಗೆ ಕರೆದರು. “ಸುಮಿಮಾಸೆನ್, ಕ್ಷಮಿಸಿ, ಹಂಸಾ ಸಾನ್, ಒಂದು ಕೋರಿಕೆ. ಕೊನೆಯ ಹಾಡಿನ ಆ ಮೌನ ರೆಕಾರ್ಡಿನಲ್ಲೂ ಬೇಕು,” ಎಂದರು.

“ಯಾವ ಮೌನ?”

“ನೀವು ತುಟಿ ಆಡಿಸುತ್ತಿದ್ದಿರಿ, ಸ್ಪೀಕರಿನಿಂದ ಏನೂ ಬರಲಿಲ್ಲ. ತಂತಿ ಕಿತ್ತಿರಬಹುದೆಂದು ನಾನು ಎದ್ದೆ. ಆಗ ಅವಿನಾಶ್ ಸಾನ್ ಅವರ ಮುಖ ನೋಡಿದೆ. ಎಂಥ ತನ್ಮಯತೆ! ಬೇಕೆಂದೇ ಮಾಡಿದ್ದು ಎಂದು ತಿಳಿಯಿತು. ಎಲ್ಲರೂ ಅದನ್ನೇ ಹೊಗಳುತ್ತಿದ್ದಾರೆ.”

ನಾಲ್ಕನೇ ಚಾನೆಲ್ಲಿನ ಪಕ್ಕದಲ್ಲೇ ಮಾಸ್ಟರ್ ತಿರುಪು ಇರುತ್ತದೆ, ಇಡೀ ಸಭಾಂಗಣದ ಸದ್ದಿನ ತಿರುಪು. ನಾದುತ್ತ ನಾದುತ್ತ ಆ ಪುಣ್ಯಾತ್ಮ ಅದನ್ನು ಸೊನ್ನೆಗೆ ಇಳಿಸಿದ್ದ, ಹಾಡು ಮುಗಿದ ಮೇಲೆ ಏರಿಸಿದ್ದ. ಹೆಡ್‌ಫೋನಿಗೂ ರೆಕಾರ್ಡಿಂಗಿಗೂ ಹೋಗುವ ದಾರಿ ಬೇರೆ, ಅವಕ್ಕೆ ಆ ತಿರುಪಿನ ಹಂಗಿಲ್ಲ. ಮೈಕಿಲ್ಲದೆ ನನ್ನ ಪಿಸುದನಿ ಮುಂದಿನ ಸಾಲಿಗೂ ಮುಟ್ಟುವಂಥದ್ದಲ್ಲ; ಹಾಗಾಗಿ ನನ್ನ ಹಾಡು ಕೇಳಿಸಿದ್ದು ನನಗೆ ಮತ್ತು ಒಂದು ಯಂತ್ರಕ್ಕೆ.

“ರೆಕಾರ್ಡಿನಲ್ಲಿ ಹಾಡು ಇದೆಯಲ್ಲ,” ಎಂದೆ.

“ಇದೆ. ಅದೂ ಚೆನ್ನಾಗಿದೆ.” ಅವರು ತಲೆ ತಗ್ಗಿಸಿದರು. “ಆದರೆ ಹಾಡು ಎಲ್ಲರೂ ಹಾಡುತ್ತಾರೆ. ಅದನ್ನು ತೆಗೆದು ಮೌನ ಇಡೋಣವೇ?”

ನನಗೆ ಮೈಯೆಲ್ಲ ಉರಿದುಹೋಯಿತು. “ಹಾಡು ಹೋದರೆ ನನ್ನ ಹೆಸರೂ ಬೇಡ,” ಎಂದೆ. “ಮೌನ ಬೇಕಾದರೆ ಅವಿನಾಶ್ ಸಾನ್ ಅವರನ್ನು ಕೇಳಿ. ಅವರ ಹತ್ತಿರ ಬೇಕಾದಷ್ಟಿದೆ.”

ಓಗಾವಾ ಸಾನ್ ಬೇಸರದಿಂದ ಬಗ್ಗಿ ನಮಸ್ಕರಿಸಿದರು. ನನ್ನ ರೆಕಾರ್ಡು ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಮೊಬೈಲ್ ತೆಗೆದು, ಬಹಳ ಗಂಭೀರವಾಗಿ, ಅವಿನಾಶನ ನಂಬರ್ ಕೇಳಿದರು. ಕೊಟ್ಟೆ. ಡಿಸೆಂಬರಿನಲ್ಲಿ ಅವನದೇ ಕಾರ್ಯಕ್ರಮವಂತೆ. ಬಾಲು ಸರ್ ಶಾಲು, ಪೇಟ ಎಲ್ಲ ತೆಗೆದುಕೊಂಡು ಹೋಗುತ್ತಾರಂತೆ.

ಮನೆಗೆ ಬಂದಾಗ ಶ್ರೀನಾಥ ಸೋಫಾದ ಮೇಲೆ ಕೂತು ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಚಿಪ್ಸ್ ತಿನ್ನುತ್ತಿದ್ದ. ಬರುವ ದಾರಿಯುದ್ದಕ್ಕೂ ಅವತ್ತು ರೈಲಿನಲ್ಲಿ ಅವನಾಡಿದ ‘ಎಷ್ಟ್ ಚೆನ್ನಾಗ್ ಹಾಡ್ದೆ’ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹೊರಡುವಾಗ ಓಗಾವಾ ಸಾನ್ ಕೈಗಿಟ್ಟಿದ್ದ ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ, ಸರಿಯಾಗಿ ಆ ಹಾಡಿನಿಂದ ಹಚ್ಚಿ, ಹೆಡ್‌ಫೋನನ್ನು ಅವನ ತಲೆಗೆ ಸಿಕ್ಕಿಸಿದೆ. ಅವನ ಕೈ ಚಿಪ್ಸಿನ ಪೊಟ್ಟಣದೊಳಗೇ ನಿಂತಿತು. ಕಣ್ಣು ಮುಚ್ಚಿದ. ಹಾಡು ಮುಗಿಯುವವರೆಗೂ ಅಲುಗಲಿಲ್ಲ. ಕಣ್ಣಂಚು ಒದ್ದೆಯಾದದ್ದನ್ನು ನಾನೇ ನೋಡಿದೆ.

ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದ. “ಯಾರೇ ಇದು ಹಾಡಿರೋದು? ಏನ್ ವಾಯ್ಸ್! ಅವತ್ತು ಪ್ರೋಗ್ರಾಮಲ್ಲಿ ಇದನ್ನ ಹಾಕ್ಬೇಕಿತ್ತು ಕಣೆ ನೀನು.”

“ನೀನೇ ಹೇಳು,” ಎಂದೆ. “ಅವತ್ತೂ ನಿಂಗೆ ಕಣ್ಣಲ್ಲಿ ನೀರು ಬಂದಿತ್ತಲ್ಲ.”