ಎಪ್ಪತ್ತೊಂದರ ರೆಕ್ಕೆ

ರಂಗಿ ಹಾಲ ಮಾಮನ ಕಂಬಳಿಯ ಅಂಚು ಹಿಡಿದುಕೊಂಡೇ ಅಂಗಳ ದಾಟಿದಳು. ಗಂಡನ ಹೆಣ ಜಗಲಿಯ ಮಂಚದ ಮೇಲಿತ್ತು. ಸಾವಿನ ವಾದ್ಯಕ್ಕೆ ಕರೆಸಿದ್ದ ಕೋತರು ಕೊಳಲು ಊದತೊಡಗಿದ್ದರು. ಸುತ್ತಲ ಹಟ್ಟಿಗಳ ಜನ ಬೇಲಿಯವರೆಗೂ ನಿಂತಿದ್ದರು. ಇಂಥ ಹೊತ್ತಿನಲ್ಲಿ ಗಂಡ ಸತ್ತವಳು ಊರ ಹಿರಿಯನನ್ನು ಹೀಗೆ ಜಗ್ಗಾಡುವುದನ್ನು ಯಾರೂ ಕಂಡಿರಲಿಲ್ಲ.

"ಮಾಮ, ಅದ ಹೇಳದೆ ಅವನ ಎತ್ತಲು ಬಿಡಲಾರೆ."

"ಯಾವುದ ಹೇಳಬೇಕು?"

"ವಿಮಾನದ ಪಾಪ."

ಹಾಲ ಮಾಮ ಸುತ್ತ ನೋಡಿದ. ಆ ಹಟ್ಟಿಯಲ್ಲಿ ಯಾರು ಸತ್ತರೂ ಪಾಪ ಹೇಳುವವನು ಅವನೇ. ಕರುವಿನ ಬೆನ್ನ ಮೇಲೆ ಕೈಯಿಟ್ಟು ಒಂದೊಂದೇ ಪಾಪವನ್ನು ಅವನು ಹೇಳಬೇಕು, ಜನರೆಲ್ಲ 'ಅದು ಪಾಪ' ಎನ್ನಬೇಕು, ಕೊನೆಗೆ ಕರುವನ್ನು ಬಿಟ್ಟುಬಿಡಬೇಕು. ಆ ಕರುವನ್ನು ಮತ್ತೆ ಯಾರೂ ದುಡಿಸುವಂತಿಲ್ಲ. ಕರು ಹೊತ್ತದ್ದು ಕರುವಿನ ಜೊತೆ ಹೋಯಿತು. ಹೇಳದೆ ಉಳಿದದ್ದು ಸತ್ತವನ ಹೆಗಲಿಗೇ.

"ಹಾವ ಕೊಂದದ್ದು ಹೇಳುವೆ, ಹಲ್ಲಿ ಕೊಂದದ್ದು ಹೇಳುವೆ, ಗಡಿಕಲ್ಲ ಸರಿಸಿದ್ದು ಹೇಳುವೆ," ಎಂದ ಹಾಲ ಮಾಮ. "ಅಜ್ಜನ ಕಾಲದ ಮಾತು. ಅದರೊಳಗ ಎಲ್ಲವೂ ಬಂದಿತು. ವಿಮಾನ ಅಂತ ಅದರಲ್ಲಿ ಇಲ್ಲೆ."

"ಅವ ಹಾವ ಕೊಂದವನೇ ಅಲ್ಲ. ಹಲ್ಲಿ ಕಂಡರೆ ದಾರಿ ಬಿಟ್ಟು ನಿಲ್ಲುವವ. ಮಾಡದ್ದ ಎಲ್ಲ ಹೇಳಿ, ಮಾಡಿದ್ದ ಬಿಟ್ಟರೆ ಹೇಂಗ ಮಾಮ?"

ಪೇಚಿಗೆ ಸಿಕ್ಕಾಗೆಲ್ಲ ಹಾಲ ಮಾಮ ಗಡ್ಡ ಕೆರೆಯುತ್ತಿದ್ದ, ಈಗಲೂ ಕೆರೆದ.

ಅಷ್ಟರಲ್ಲಿ ಸತ್ತವನ ಅಣ್ಣ ನಂಜುಂಡನ್ ಧಾವಿಸಿ ಬಂದ. "ಏನಿದು ರಂಗಿ? ಇಷ್ಟು ಜನರ ಮುಂದ ಎನ್ನ ತಮ್ಮ ಬಿಳಿಯರ ಕೊಂದ ಅಂತ ಕೂಗಿಸುವೆಯಾ? ಜಕ್ಕತಲೆಯ ದಂಡಿನ ಬ್ಯಾರಕ್ಕು ಎಷ್ಟು ದೂರ ಇದೆ? ನಾಳೆ ಪೊಲೀಸು ಬಂದರೆ ಯಾರ ಹಿಡಿದುಕೊಂಡು ಹೋಪರು, ಹೆಣವನ್ನಾ?"

"ಕೊಂದ ಅಂತ ನಾ ಹೇಳಲಿಲ್ಲೆ ಭಾವ."

"ಹಂಗಾದರೆ ಕೊಂದಿಲ್ಲೆಯಾ?"

"ಅದೂ ಗೊತ್ತಿಲ್ಲೆ," ಎಂದಳು ರಂಗಿ, ಮತ್ತು ಮೊದಲ ಬಾರಿಗೆ ಅತ್ತಳು.

*

ರಂಗಿಯ ಗಂಡ ಭೋಜನ್ ದಂಡಿಗೆ ಹೋದದ್ದು ಬಂದೂಕು ಹಿಡಿಯಲಿಕ್ಕಲ್ಲ, ಸೂಜಿ ಹಿಡಿಯಲಿಕ್ಕೆ. ಕೂನೂರಿನಲ್ಲಿ ಹೊಲಿಗೆ ಕಲಿತಿದ್ದವನನ್ನು ಜರ್ಮನಿಯ ಯುದ್ಧದ ಕಾಲಕ್ಕೆ ಹಡಗು ಹತ್ತಿಸಿ ಬಸ್ರಾಕ್ಕೆ ಒಯ್ದರು. ಅಲ್ಲಿ ಬ್ರಿಟಿಷರ ವಿಮಾನಗಳನ್ನು ರಿಪೇರಿ ಮಾಡುವ ಶೆಡ್ಡು. ಆಗಿನ ವಿಮಾನವೆಂದರೆ ಮರದ ಎಲುಬು, ಬಟ್ಟೆಯ ಚರ್ಮ. ರೆಕ್ಕೆಯ ಮೇಲೆ ಲಿನನ್ ಎಂಬ ನಾರಗಸೆಯ ಬಟ್ಟೆ ಎಳೆದು, ಮೇಣ ಹಚ್ಚಿದ ದಾರದಿಂದ ಮರದ ಪಟ್ಟಿಗೆ ಸೇರಿಸಿ ಹೊಲಿದು, ಮಾಗಿದ ಬಾಳೆಹಣ್ಣಿನ ವಾಸನೆಯ ಒಂದು ಎಣ್ಣೆ ಬಳಿದರೆ ಅದು ತಮಟೆಯಂತೆ ಬಿಗಿಯುತ್ತಿತ್ತು. ಭೋಜನ್ ಮನೆಗೆ ಬಂದ ಮೇಲೆ ಬಾಳೆಹಣ್ಣು ಮುಟ್ಟಲಿಲ್ಲ. ರಂಗಿ ಅದನ್ನು ಹೊಟ್ಟೆಯ ತೊಂದರೆ ಎಂದುಕೊಂಡಿದ್ದಳು.

ಬಾಲದ ಮೇಲಿನ ಸಂಖ್ಯೆಯಲ್ಲಿ ಕೊನೆಗೆ ಎಪ್ಪತ್ತೊಂದು ಇದ್ದ ಒಂದು ವಿಮಾನ. ಸಂಜೆ ಬೆಳಕು ಹೋಗುತ್ತಿತ್ತು. ಬೇಗ, ಬೇಗ ಎಂದು ಮೇಲಿನವನು ಕೂಗುತ್ತಿದ್ದ. ಎಡಗಡೆಯ ರೆಕ್ಕೆಯ ಕೊನೆಯ ಸಾಲನ್ನು ಭೋಜನ್ ದೂರ ದೂರ ಹೊಲಿದ. ಗಂಟೂ ಸರಿಯಾಗಿ ಕೂರಲಿಲ್ಲ. ಎಣ್ಣೆ ಬಳಿಯುವುದು ಹೇಗೂ ಬೆಳಿಗ್ಗೆ. ಅದಕ್ಕೆ ಮೊದಲು ಬಿಚ್ಚಿ ಹೊಲಿದರಾಯಿತು ಎಂದು ಹೋಗಿ ಮಲಗಿದ. ರಾತ್ರಿ ಪಾಳಿಯವರು ಎಣ್ಣೆ ಬಳಿದು ಮುಗಿಸಿದ್ದರು. ಅವನು ಎದ್ದು ಬರುವ ಹೊತ್ತಿಗೆ ಇಬ್ಬರು ದೊರೆಗಳು ಎಪ್ಪತ್ತೊಂದನ್ನು ಹತ್ತಿ ಹಾರಿ ಹೋಗಿದ್ದರು. ಅದು ಆ ಶೆಡ್ಡಿಗೆ ಮತ್ತೆ ಬರಲಿಲ್ಲ.

ಏಕೆ ಬರಲಿಲ್ಲ ಎಂದು ಕೇಳುವ ಧೈರ್ಯ ಅಂದು ಅವನಿಗಿರಲಿಲ್ಲ. ಊರಿಗೆ ಬಂದ ಮೇಲೆ ಕೇಳುವುದೇ ಅವನ ಕಸುಬಾಯಿತು.

ಜಕ್ಕತಲೆಯ ಬಜಾರಿನಲ್ಲಿ ಮೈಸೂರು ಕಡೆಯ ಗುರುಸ್ವಾಮಿಯ ಹೊಲಿಗೆ ಅಂಗಡಿಯಿತ್ತು. ಮೈ ಸುಧಾರಿಸಿಕೊಳ್ಳಲು ಬೆಟ್ಟಕ್ಕೆ ಬಂದ ಬಿಳಿ ಸಿಪಾಯಿಗಳು, ಊರವರ ಬಾಯಲ್ಲಿ ಸೋಜರರು, ಅಂಗಿ ಚಡ್ಡಿ ಸಣ್ಣ ಮಾಡಿಸಲು ಅಲ್ಲಿಗೇ ಬರುವರು. ಭೋಜನ್ ಆಲೂಗಡ್ಡೆ ಹೊಲದ ಕೆಲಸ ಮುಗಿಸಿ ಅಲ್ಲಿ ಹೋಗಿ ಕೂರುತ್ತಿದ್ದ. ಗುರುಸ್ವಾಮಿ ಎದೆಯಳತೆಗೆ ಟೇಪು ಸುತ್ತಿದನೆಂದರೆ ಸೋಜರ ಎಲ್ಲಿಗೂ ಓಡುವಂತಿಲ್ಲ. ಆಗ ಭೋಜನ್ ತನ್ನ ಹರುಕು ಇಂಗ್ಲಿಷಿನಲ್ಲಿ ಶುರುಮಾಡುವನು: ದೊರೆ ಬಸ್ರಾದಲ್ಲಿ ಇದ್ದರಾ? ವಿಮಾನ ಕಂಡಿದ್ದರಾ? ಬಾಲದ ಮೇಲೆ ಯಾವ ನಂಬರು?

ಹುಚ್ಚು ಒಂದಕ್ಕೇ ನಿಲ್ಲಲಿಲ್ಲ. ಎಪ್ಪತ್ತೊಂದನ್ನು ಹುಡುಕುತ್ತ ಅವನು ತಾನು ಹೊಲಿದ ಬೇರೆ ವಿಮಾನಗಳ ಚರಿತ್ರೆಯನ್ನೆಲ್ಲ ಕೂಡಿಸಿದ. ಯಾವುದು ಯಾವ ಊರಲ್ಲಿ ಹುಟ್ಟಿತು, ಯಾವ ಹಡಗಿನಲ್ಲಿ ಬಂತು, ಯಾವುದು ಸುಟ್ಟುಹೋಯಿತು, ಯಾವುದನ್ನು ಗುಜರಿಗೆ ಹಾಕಿದರು. ಹಟ್ಟಿಯ ಉಳಿದ ಗಂಡಸರು ಒಲೆಯ ಮುಂದೆ ಕುಳಿತು ತಮ್ಮ ಎಮ್ಮೆಗಳ ವಂಶ ಹೇಳಿದರೆ ಇವನು ವಿಮಾನಗಳ ವಂಶ ಹೇಳುವನು. "ನಿನ್ನ ವಿಮಾನ ಹಾಲು ಕೊಡುತ್ತದೆಯಾ?" ಎಂದು ರಂಗಿ ಚುಚ್ಚುವಳು. ಚುಚ್ಚಿದರೂ ಪೂರ್ತಿ ಕೇಳಿಸಿಕೊಳ್ಳುವಳು. ಅವನ ಸುತ್ತ ಊರಲ್ಲಿ ತಲೆಗೊಂದು ಮಾತು. ಪಿಂಚಣಿಗೆ ಅಲೆಯುತ್ತಾನೆ ಎಂದರು, ಬಸ್ರಾದಲ್ಲಿ ಹೆಂಡತಿ ಇದ್ದಾಳೆ ಎಂದರು, ಗಾಂಧಿಯ ಕಡೆಯವನೆಂದೂ ಕೆಲವರು ಪಿಸುಗುಟ್ಟಿದರು. ಎಲ್ಲಕ್ಕೂ ಭೋಜನ್ ನಕ್ಕುಬಿಡುತ್ತಿದ್ದ. ಅವನು ಸಾಯುವವರೆಗೆ ನಿಜ ಗೊತ್ತಿದ್ದದ್ದು ರಂಗಿಗೆ ಮತ್ತು ಗುರುಸ್ವಾಮಿಗೆ ಮಾತ್ರ; ಸತ್ತ ಮೇಲೆ ರಂಗಿ ಅದನ್ನು ಭಾವನಿಗೂ ಹಾಲ ಮಾಮನಿಗೂ ಹೇಳಿದ್ದಳು.

*

ಕರಿಯ ಕೋಟು ಹಾಕಿಕೊಂಡು ಬೇಲಿಯ ಬಳಿ ನಿಂತಿದ್ದ ಗುರುಸ್ವಾಮಿಯನ್ನು ನಂಜುಂಡನೇ ಜಗಲಿಗೆ ಕರೆಸಿದ. "ನೀವಾದರೂ ಈಕೆಗ ಹೇಳಿ. ಆ ವಿಮಾನ ಬಿದ್ದಿತಾ, ಇಲ್ಲೆಯಾ?"

ಗುರುಸ್ವಾಮಿ ಹೆಣದ ಕಡೆ ಒಮ್ಮೆ ನೋಡಿ ಕೋಟಿನ ಗುಂಡಿ ತಿರುವಿದ. "ಏನ್ ಹೇಳ್ಲಿ ಗೌಡ್ರೆ. ಒಬ್ಬ ಕುಂಟ ಸಾರ್ಜೆಂಟು ಬಂದಿದ್ದ. ರೆಕ್ಕೆ ಬಟ್ಟೆ ಕಿತ್ಕೊಂಡು ಹೋಗಿ ಬಿತ್ತು, ಇಬ್ರೂ ಸತ್ರು ಅಂದ. ಅವತ್ತು ಭೋಜಣ್ಣ ನನ್ನಂಗಡೀಲೇ ಕುಸಿದು ಕೂತ್ಬುಟ್ಟ. ವರ್ಷ ಕಳುದ್ಮೇಲೆ ಇನ್ನೊಬ್ಬ ಬಂದ. ಬಿದ್ದೇ ಇಲ್ಲ, ಇಂಜಿನ್ನು ಕೆಟ್ಟು ಮರಳಲ್ಲಿ ಇಳಿದ್ರು, ಇಬ್ರೂ ನಡ್ಕೊಂಡು ವಾಪಸ್ ಬಂದ್ರು ಅಂದ. ಅವನಿಗೆ ನಿಮ್ಮ ತಮ್ಮ ಒಂದ್ ಮೂಟೆ ಆಲೂಗಡ್ಡೆ ಹೊತ್ಕೊಂಡೋಗಿ ಕೊಟ್ಬಂದ."

"ಹಂಗಾದರೆ ಬದುಕಿದರು!" ಎಂದ ನಂಜುಂಡನ್.

"ತಾಳಿ. ಮೂರನೇವ್ನು, ಯುದ್ಧ ಮುಗುದ್ಮೇಲೆ ಕರಾಚೀಲಿ ಎಪ್ಪತ್ತೊಂದು ಹಾರೋದ್ನ ಕಣ್ಣಾರೆ ಕಂಡೆ ಅಂದ."

"ಬಿದ್ದದ್ದು ಹಾರುವುದು ಹೇಂಗ?" ಹಾಲ ಮಾಮ ಗಡ್ಡದಿಂದ ಕೈ ತೆಗೆದ.

"ಅದೇ ನೋಡಿ ಯಜಮಾನ್ರೆ. ಮುರುದ್ ವಿಮಾನಗಳ್ನ ಬಿಚ್ಚಿ, ಒಂದರ ಬಾಲಕ್ಕೆ ಇನ್ನೊಂದರ ರೆಕ್ಕೆ ಜೋಡುಸ್ತಿದ್ರಂತೆ. ನಂಬರು ಬಾಲದ್ದು. ಹಂಗಾಗಿ ಬಾಲ ಕರಾಚೀಲಿದ್ರೂ ಭೋಜಣ್ಣ ಹೊಲಿದ ರೆಕ್ಕೆ ಎಲ್ಲೋಯ್ತೋ, ಅದರ ಕೆಳಗೆ ಯಾರು ಕೂತಿದ್ರೋ! ಮೂರು ಜನಾನೂ ನಿಜಾನೇ ಹೇಳಿರ್ಬೋದು. ಮೂರೂ ಸುಳ್ಳಿರ್ಬೋದು."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತು ಕೇಳಿ ನಂಜುಂಡನಿಗೆ ತಲೆ ಸುತ್ತಿತು. ತಮ್ಮನ ಮೇಲೆ ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

"ಮೊನ್ನೆ ಉಸಿರು ಕಟ್ಟುವಾಗಲೂ ಅದನ್ನೇ ಕೇಳಿದ," ಎಂದಳು ರಂಗಿ. "ಎನ್ನ ಕರುವಿನ ಮುಂದ ಅದ ಹೇಳಿಸು ರಂಗಿ, ಎನಗ ಅದ ಹೊತ್ತು ಹೊತ್ತು ಸಾಕಾಯಿತು ಅಂದ. ಆಗಲಿ ಅಂದೆ."

"ಏನಂತ ಹೇಳಲಿ ತಾಯಿ? ಕೊಂದ ಅಂದರೆ, ಕೊಲ್ಲದಿದ್ದರೆ ಇಲ್ಲದ ಪಾಪವ ನಾನೇ ಹೊರಿಸಿದಂತೆ. ಹೇಳದಿದ್ದರೆ, ಕೊಂದಿದ್ದರೆ..." ಹಾಲ ಮಾಮ ಅಂಗಳದಲ್ಲಿ ಕಟ್ಟಿದ್ದ ಕರುವಿನ ಕಡೆ ನೋಡಿದ. ಬೇಲಿಯ ಬಳಿ ಜನ ತಡವಾಯಿತೆಂದು ಗೊಣಗುತ್ತಿದ್ದರು.

*

ಮಂಚವನ್ನು ಅಂಗಳದ ನಡುವೆ ಇಟ್ಟರು. ಕೋತರು ಕೊಳಲು ನಿಲ್ಲಿಸಿದರು. ಹಾಲ ಮಾಮ ಕರುವಿನ ಬೆನ್ನ ಮೇಲೆ ಕೈಯಿಟ್ಟು ಹಳೆಯ ಮಾತುಗಳನ್ನು ಹೇಳುತ್ತ ಹೋದ.

"ಹರಿವ ಹಾವ ಕೊಂದ."

"ಅದು ಪಾಪ."

"ಗಡಿಯ ಕಲ್ಲ ಸರಿಸಿದ."

"ಅದು ಪಾಪ."

"ಬಂದ ದನವ ನೀರಿಲ್ಲದೆ ಅಟ್ಟಿದ."

"ಅದು ಪಾಪ."

ಜನರ ಬಾಯಿಗೆ ಅಭ್ಯಾಸವಾದ ಮಾತು, ತಾನಾಗಿ ಬರುತ್ತಿತ್ತು. ಹಳೆಯದು ಮುಗಿಯಿತು. ಹಾಲ ಮಾಮ ಕೈ ಎತ್ತಲಿಲ್ಲ. ತಿರುಗಿ, ಹೆಂಗಸರ ನಡುವೆ ನಿಂತಿದ್ದ ರಂಗಿಯನ್ನು ಎಲ್ಲರೆದುರಿಗೇ ಕೇಳಿದ.

"ನಿನಗ ಗೊತ್ತಿಲ್ಲದ್ದು ಬೇಡ. ಗೊತ್ತಿದ್ದಷ್ಟ ಹೇಳು."

ಅಂಥ ಹೊತ್ತಿನಲ್ಲಿ ಹೆಂಗಸು ಮಾತಾಡುವ ರೂಢಿಯಿಲ್ಲ. ರಂಗಿ ತಲೆ ಎತ್ತಿದಳು. "ಹೊಲಿಗೆ ಸಡಿಲ ಇದ್ದಿತು," ಎಂದಳು. "ಅವಗ ಗೊತ್ತಿದ್ದಿತು. ನಾಳೆ ನೋಡುವೆ ಅಂತ ಮಲಗಿದ."

"ಅಷ್ಟೇನಾ?"

"ಅಷ್ಟೇ ಗೊತ್ತಿರುವುದು ಮಾಮ."

ಹಾಲ ಮಾಮ ಕರುವಿನ ಕಡೆ ತಿರುಗಿ ಹಳೆಯ ಮಾತಿನ ಅದೇ ಧಾಟಿಯಲ್ಲಿ ಹೇಳಿದ: "ಸಡಿಲ ಹೊಲಿಗೆಯ ನಾಳೆಗ ಬಿಟ್ಟು ಮಲಗಿದ."

ಯಾರೂ ಬಾಯಿ ತೆರೆಯಲಿಲ್ಲ. ಇದಕ್ಕೇನು ಹೇಳಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು. ಹೊಲಿಗೆಗೂ ಪಾಪಕ್ಕೂ ಏನು ನಂಟು? ಹಾಗೆ ನೋಡಿದರೆ ನಾಳೆಗೆ ಬಿಟ್ಟು ಮಲಗದವರು ಆ ಅಂಗಳದಲ್ಲಿ ಯಾರಿದ್ದರು? ಹಾಲ ಮಾಮನ ಕೈ ಕರುವಿನ ಬೆನ್ನ ಮೇಲೇ ಉಳಿಯಿತು. ಉತ್ತರ ಬಾರದ ಪಾಪವನ್ನು ಕರು ಹೊರುವುದಿಲ್ಲ. ರಂಗಿ ಒಬ್ಬೊಬ್ಬರ ಬಾಯನ್ನೂ ನೋಡುತ್ತ ಬಂದಳು.

"ಅದು ಪಾಪ," ಎಂದ ನಂಜುಂಡನ್.

ಅವನು ಯಾರನ್ನೂ ನೋಡುತ್ತಿರಲಿಲ್ಲ, ತಮ್ಮನ ಕಾಲಿನ ಕಡೆ ನೋಡುತ್ತಿದ್ದ. ಇನ್ನೊಮ್ಮೆ, ಬೇಲಿಯಾಚೆಗೂ ಕೇಳುವಂತೆ ಹೇಳಿದ: "ಅದು ಪಾಪ."

ಆಗ ಎಲ್ಲರೂ ಹೇಳಿದರು.

ಹಾಲ ಮಾಮ ಕೈ ಎತ್ತಿದ. ಹಗ್ಗ ಬಿಚ್ಚಿದರು. ಕರು ಓಡಬೇಕಿತ್ತು, ಓಡಲಿಲ್ಲ. ಜನರ ಗದ್ದಲಕ್ಕೆ ಬೆದರಿ ಕಾಲೂರಿ ನಿಂತುಬಿಟ್ಟಿತು. ಇದು ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ತಿಳಿಯಲಿಲ್ಲ. ಗಂಡಸರು ಹೋ ಎಂದು ಕೂಗಿ ಕೈ ಬೀಸಿದರು. ರಂಗಿ ಹೆಂಗಸರ ನಡುವಿನಿಂದ ಹೊರಬಂದಳು. ಯಾರೂ ತಡೆಯಲಿಲ್ಲ. ಅವಳು ಕರುವಿನ ಬೆನ್ನ ಮೇಲೆ ಕೈಯಿಟ್ಟಳು. "ಬಾ," ಎಂದಳು, "ಬಾ ಅಪ್ಪ, ಕೊಂಚ ದೂರ ನಾನೂ ಬಪ್ಪೆ."

ಇಬ್ಬರೂ ಬೇಲಿ ದಾಟಿದರು, ಆಲೂಗಡ್ಡೆಯ ಹೊಲದ ಬದುವಿನ ಮೇಲೆ ನಡೆದರು. ಮರವಿಲ್ಲದ ಹುಲ್ಲುಗಾವಲು, ಹುಲ್ಲುಬೋಳಿ, ಶುರುವಾಗುವಲ್ಲಿ ಕರುವಿಗೆ ದಾರಿ ತಿಳಿಯಿತೋ ಏನೋ, ಒಮ್ಮೆ ತಲೆ ಕೊಡವಿ ತಾನೇ ಮುಂದೆ ಹೋಯಿತು. ಮೊದಲು ನಡೆಯುತ್ತ, ಆಮೇಲೆ ಓಡುತ್ತ. ಅಂಗಳದಲ್ಲಿ ಮಂಚ ಎತ್ತಲು ರಂಗಿಗಾಗಿ ಕಾಯುತ್ತಿದ್ದರು. ಅವಳು ತಿರುಗಲಿಲ್ಲ. ಕರು ಮಂಜಿನೊಳಗೆ ಮರೆಯಾದ ಮೇಲೂ ಬೋಳಿಯ ಅಂಚಿನಲ್ಲಿ ಹಾಗೇ ನಿಂತಿದ್ದಳು, ಕೈಯನ್ನು ಕರುವಿನ ಬೆನ್ನಿನ ಎತ್ತರಕ್ಕೇ ಗಾಳಿಯಲ್ಲಿ ಚಾಚಿಕೊಂಡು.