ಕೊಂಡ್ಲಹಳ್ಳಿಯ ಸಣ್ಣ ಚುಟ್ಟ

ಕೊಂಡ್ಲಹಳ್ಳಿಯ ಗಾದ್ರಪ್ಪ ತನ್ನ ಹಿತ್ತಲಲ್ಲಿ ಕೂತು ಒಂದೇ ಒಂದು ಚುಟ್ಟ ಹಚ್ಚಿದ್ದಕ್ಕೆ, ಚಳ್ಳಕೆರೆ ಕಾವಲಿನ ಹುಲ್ಲುಬಯಲಿನ ಮೇಲೆ ಪರೀಕ್ಷೆಗೆಂದು ಹಾರುತ್ತಿದ್ದ ಪೈಲಟ್ ಇಲ್ಲದ ವಿಮಾನವೊಂದು ಆಕಾಶದಲ್ಲೇ ಗಕ್ಕನೆ ನಿಂತು, ಮೂಗರಳಿಸಿ, ಹದಿನೈದು ಹರದಾರಿ ವಾಸನೆ ಹಿಡಿದು ಬಂದು, ಅವನ ತಿಪ್ಪೆಯ ಪಕ್ಕದಲ್ಲಿ ಇಳಿದು, "ತಾತಾ, ನನಗೂ ಒಂದು ಕೊಡು" ಅಂದಿತ್ತು.

"ಪೈಲಟ್ಟೇ ಇಲ್ಲ ಅಂದ್ಮೇಲೆ ಕೇಳಿದ್ ಯಾರಲೇ?" ಅಂದ ಜುಂಜಣ್ಣ.

"ವಿಮಾನನೇ ಕೇಳ್ತು," ಅಂದ ಗಾದ್ರಪ್ಪ. "ಒಳಗೆ ಸೇದೋರು ಒಬ್ರೂ ಇಲ್ವಲ್ಲ, ಅದಕ್ಕೇ ಪಾಪ ಅಷ್ಟು ಆಸೆ!"

"ಕೊಟ್ಯಾ ಮತ್ತೆ?"

"ಕೊಟ್ಟೆ. ಎರಡು ದಮ್ ಎಳೀತು, ಕೆಮ್ಮಿತು, ಹೋಯ್ತು. ಆವತ್ತಿನಿಂದ ಅದು ನೆಟ್ಟಗೆ ಹಾರಿಲ್ಲ."

ಬೆಂಚು ಅಲುಗಾಡುವಷ್ಟು ನಗು. ಚಳ್ಳಕೆರೆಯ ಆಸ್ಪತ್ರೆಯ ಎದುರಿಗಿದ್ದ ಗಂಗರಾಜುವಿನ ಟೀ ಅಂಗಡಿಯಲ್ಲಿ ಈ ನಗುವಿಗಾಗಿ ಮೂವರು ಪ್ರತಿ ಶನಿವಾರ ಕಾದಿರುತ್ತಿದ್ದರು. ಕುರಿ ವ್ಯಾಪಾರದ ಜುಂಜಣ್ಣ. ಮೇಷ್ಟರಾಗಿ ನಿವೃತ್ತರಾದ ಮರುಳಪ್ಪ. ಎಣ್ಣೆ ಗಾಣದ ತಿಪ್ಪೇರುದ್ರ. ಮೂವರೂ ಚುಟ್ಟದ ಭಕ್ತರು. ತಿಪ್ಪೇರುದ್ರನಂತೂ ಗೋವಾಕ್ಕೆ ಹೋಗಿ ಪರದೇಶದ ಚುಟ್ಟ ಸೇದಿ ಬಂದವನು. ಹತ್ತೂರಿನ ಚುಟ್ಟಪ್ರಿಯರನ್ನು ಸೇರಿಸಿ ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದ. ಅದರ ಮೊದಲ ಚಿತ್ರವೇ ಗಾದ್ರಪ್ಪನ ಕೈ.

ಆ ಕೈಯೂ ಹಾಗೇ ಇತ್ತು ಬಿಡಿ. ರಾಯದುರ್ಗದ ಕಡೆಯಿಂದ ಬಂದ ಹೊಗೆಸೊಪ್ಪನ್ನು ಬೆಲ್ಲದ ನೀರಿಗೆ ಹಾಕಿ, ಹದವಾಗಿ ಆರಿಸಿ, ನಾರು ತೆಗೆದು, ತೊಡೆಯ ಮೇಲಿನ ಹಲಗೆಯಲ್ಲಿ ಒಂದೇ ಎಳೆತಕ್ಕೆ ಸುತ್ತುತ್ತಿತ್ತು. ಬಾಲಕ್ಕೆ ಮೊಳಕಾಲ್ಮೂರಿನ ಮಗ್ಗಗಳಲ್ಲಿ ಉಳಿದ ರೇಷ್ಮೆ ಎಳೆಯ ಗಂಟು. ದಪ್ಪ ಚುಟ್ಟ ಯಾವನಾದರೂ ಸುತ್ತಿಯಾನು. ತೆಳ್ಳಗೆ ಸುತ್ತಲು ಹೋದರೆ ಎಲೆ ಬಿರಿಯುತ್ತದೆ, ಇಲ್ಲವೇ ಹೊಗೆಯ ದಾರಿ ಕಟ್ಟುತ್ತದೆ. ಗಾದ್ರಪ್ಪನದು ಬಿರಿಯುತ್ತಿರಲಿಲ್ಲ, ಕಟ್ಟುತ್ತಲೂ ಇರಲಿಲ್ಲ.

ಅವನು ಅಂದು ಬಿಚ್ಚಿದ ಕಟ್ಟು ನೋಡಿ ಮೂವರೂ ಮುಂದಕ್ಕೆ ಬಾಗಿದರು. ಊದಿನಕಡ್ಡಿಗಿಂತ ಒಂದು ಕೂದಲಷ್ಟೇ ದಪ್ಪ.

"ಅಬ್ಬೋ! ಶಿವರಾತ್ರಿಯಾಗೆ ಪೆನ್ಸಿಲ್ಲಿನಷ್ಟಿತ್ತಲ್ಲೋ!" ಅಂದ ತಿಪ್ಪೇರುದ್ರ. ಒಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹೊರಳಿಸಿ ಸದ್ದು ಕೇಳಿದ. ಹಚ್ಚಿದ. ಕಣ್ಣು ಮುಚ್ಚಿದ. "ನೋಡ್ರಿ ಮೇಷ್ಟ್ರೇ, ದಪ್ಪ ಚುಟ್ಟದಾಗೆ ಹೊಟ್ಟೇನೇ ಜಾಸ್ತಿ. ಇದರಾಗೆ ಒಳಗಿನ ಸೊಪ್ಪು ಕಮ್ಮಿ, ಮೇಲಿನ ಎಲೇದೇ ದರ್ಬಾರು. ರುಚಿ ಇರೋದೇ ಅಲ್ಲಿ."

"ಜೋರಾಗಿ ಎಳೆದರೆ ಕಹಿಯಾಗುತ್ತೆ," ಅಂದರು ಮರುಳಪ್ಪ ಮೇಷ್ಟರು.

"ಎಳೀಬಾರದು! ಕಾವಲಿನಾಗೆ ಕೃಷ್ಣಮೃಗ ನೋಡಿದಂಗೆ ಇದು. ಉಸಿರು ಜೋರಾಗಿ ಬಿಟ್ರೆ ಓಡೋಗ್ತದೆ. ದಪ್ಪ ಚುಟ್ಟ ಸೇದೋದು ಈ ಜುಂಜಣ್ಣ ಕುರಿ ಕಾಯ್ದಂಗೆ."

"ನನ್ನ ಕುರಿ ಸುದ್ದಿಗೆ ಬರಬ್ಯಾಡಲೇ!"

ಮೇಷ್ಟರು ಹೆಚ್ಚು ಮಾತಾಡುವವರಲ್ಲ. ಜುಬ್ಬಾದ ಜೇಬಿನಿಂದ ತಗಡಿನ ಉದ್ದ ಡಬ್ಬಿಯೊಂದನ್ನು ತೆಗೆದು, ಹೊಸ ಚುಟ್ಟಗಳಲ್ಲಿ ಒಂದನ್ನು ಹಚ್ಚದೆ ಅದರಲ್ಲಿಟ್ಟರು. ಗಾದ್ರಪ್ಪ ಪ್ರತಿ ಸಲ ತಂದದ್ದರಲ್ಲಿ ಒಂದೊಂದನ್ನು ಹೀಗೆ ಎತ್ತಿಡುವುದು ಅವರ ಹುಚ್ಚು. ಎತ್ತಿಟ್ಟದ್ದಕ್ಕೆ ಚೀಟಿ ಕಟ್ಟುವುದು ಮೇಷ್ಟರ ಚಾಳಿ.

"ಪರದೇಶದಾಗೆ ಚುಟ್ಟದ ದಪ್ಪಾನ ಉಂಗುರದ ಲೆಕ್ಕದಾಗೆ ಅಳೀತಾರೆ," ಅಂದ ತಿಪ್ಪೇರುದ್ರ. "ನೀನು ಯಾವುದರಾಗೆ ಅಳೀತೀಯ ಗಾದ್ರಪ್ಪ? ವಾರ ವಾರಕ್ಕೂ ಸಣ್ಣಕ್ಕೆ ಮಾಡ್ತಾ ಹೋಗ್ತೀಯಲ್ಲ, ಅಳತೆ ಎಲ್ಲಿಂದ ತರ್ತೀಯ?"

ಗಾದ್ರಪ್ಪನ ನಾಲಗೆ ಇಂಥ ಪ್ರಶ್ನೆಗೆ ಎಂದೂ ತಡವರಿಸಿದ್ದಿಲ್ಲ. ಇವತ್ತು ಮೊದಲು ಕೈ ಕಟ್ಟಿನ ದಾರ ಬಿಗಿಯಿತು.

"ಗೌರಸಮುದ್ರದ ಮಾರಮ್ಮ ಕನಸಿನಾಗೆ ಬರ್ತಾಳೆ. ಕಿರುಬೆರಳು ತೋರಿಸ್ತಾಳೆ. 'ಈ ಅಳತೆಗೆ ಸುತ್ತಲೋ ಗಾದ್ರಾ' ಅಂತಾಳೆ. ಬರಬರ್ತಾ ಬೆರಳೂ ಸಣ್ಣ ಆಗ್ತಾ ಐತೆ, ಏನ್ ಮಾಡ್ಲಿ?"

ಮತ್ತೆ ನಗು. ಗಾದ್ರಪ್ಪನೂ ನಕ್ಕ. ನಗುತ್ತಲೇ ಆಸ್ಪತ್ರೆಯ ಗೇಟಿನ ಕಡೆ ಇನ್ನಷ್ಟು ಬೆನ್ನು ತಿರುಗಿಸಿ ಕೂತ.

ಆ ಗೇಟಿನ ಒಳಗೆ ಅವನ ಹೆಂಡತಿ ಕೊಲ್ಲಾಪುರಮ್ಮ ಇದ್ದಳು. ಬಾಯಿ ಪರೀಕ್ಷೆಗೆ ದೊಡ್ಡ ಡಾಕ್ಟರು ಬರುತ್ತಾರೆಂದು ಊರಿನ ಆಶಾ ಕಾರ್ಯಕರ್ತೆ ನಿರ್ಮಲಾ ಬೆಳಿಗ್ಗೆ ಬಂದು ಬಲವಂತದಿಂದಲೇ ಬಸ್ಸು ಹತ್ತಿಸಿದ್ದಳು. ಬಸ್ಸು ಬಿ.ಜಿ. ಕೆರೆ ದಾಟಿದರೂ ಕೊಲ್ಲಾಪುರಮ್ಮ ಬಾಯಿಗೆ ಹಿಡಿದ ಸೆರಗು ತೆಗೆದಿರಲಿಲ್ಲ. ಕಳೆ ಕೀಳುವಾಗ ಗಾಳಿಗೆ ಆರಬಾರದೆಂದು ಚುಟ್ಟದ ಕೆಂಡದ ತುದಿಯನ್ನೇ ಬಾಯೊಳಗಿಟ್ಟು ಸೇದುವುದನ್ನು ಅವಳು ತನ್ನ ಅವ್ವನಿಂದ ಕಲಿತಿದ್ದಳು. ನಲವತ್ತು ವರ್ಷ ಹಾಗೇ ಸೇದಿದ್ದಳು. ಒಂದು ತಿಂಗಳಿಂದ ಮುದ್ದೆ ಇಲ್ಲ. ಹಲ್ಲಿನ ಸಂದಿಯಿಂದ ಅಂಬಲಿ ಹೀರುತ್ತಿದ್ದಳು. ಕೆನ್ನೆಯ ಒಳಗಿನ ಹುಣ್ಣಿಗೆ ಮದ್ದುಂಟೋ ಇಲ್ಲವೋ, ಡಾಕ್ಟರು ಇವತ್ತು ಹೇಳಬೇಕಿತ್ತು. "ಚುಟ್ಟ ಕೊಟ್ಟು ಬಂದೆ ಕಣೇ, ನೀವು ನಡೀರಿ," ಎಂದು ಗಾದ್ರಪ್ಪ ಗೇಟಿನ ಹತ್ತಿರ ಹೇಳಿದ್ದ. ಅದಾಗಿ ಮೂರು ಟೀ ಆಗಿತ್ತು.

ನಾಲ್ಕನೆಯದು ಬರುವುದರೊಳಗೆ ನಿರ್ಮಲಾ ರಸ್ತೆ ದಾಟಿ ಬಂದಳು. ಕೈಯಲ್ಲಿ ಆಸ್ಪತ್ರೆಯ ಕಾಗದ, ಪೆನ್ನು.

"ತಾತಾ, ಇಲ್ಲಿದ್ದೀಯಾ? ಅವ್ವನ್ನ ಇವತ್ತೇ ದಾವಣಗೆರೆಗೆ ಕರ್ಕೊಂಡು ಹೋಗ್ಬೇಕಂತೆ. ಆಂಬುಲೆನ್ಸ್ ಬರ್ತಾ ಐತೆ."

"ಏನಂದ್ರು ಡಾಕ್ಟ್ರು?"

"ಬಾಯೊಳಗೆ ಬೆರಳು ಹಾಕೋಕೆ ನೋಡಿದ್ರು. ಕಿರುಬೆರಳೂ ಹೋಗಲಿಲ್ಲ." ನಿರ್ಮಲಾ ಬೆಂಚಿನ ಮೇಲಿದ್ದವರನ್ನು ನೋಡಿ ದನಿ ತಗ್ಗಿಸಿದಳು. "ಯಾವಾಗಿಂದ ಬಾಯಿ ತೆರೀತಿಲ್ಲ ಅಂತ ಬರೀಬೇಕು. ಎರಡು ಮೂರು ತಿಂಗಳದ್ದಾದ್ರೆ ಕೊಯ್ದು ತೆಗೀಬಹುದು, ವರ್ಷದ ಮೇಲಾಗಿದ್ರೆ ಕಷ್ಟ ಅಂದ್ರು. ಸುಳ್ಳು ಬರೆಸಿದ್ರೆ ಅವ್ವನಿಗೇ ತೊಂದರೆ. ಸರಿಯಾಗಿ ಹೇಳು."

"ಒಂದು ತಿಂಗಳಾಯ್ತು," ಅಂದ ಗಾದ್ರಪ್ಪ ತಟ್ಟನೆ. "ಜಾಸ್ತಿ ಅಂದ್ರೆ ಒಂದೂವರೆ. ಮೊನ್ನೆ ಮೊನ್ನೆವರೆಗೂ ರೊಟ್ಟಿ ಕಡೀತಿದ್ಲು. ಕಬ್ಬು ಸಿಗೀತಿದ್ಲು!"

ನಿರ್ಮಲಾ ಬರೆಯಲಿಲ್ಲ. "ಅವ್ವನ್ನೂ ಕೇಳ್ದೆ. ಮಾತು ಸರಿಯಾಗಿ ಹೊರಡಲ್ಲ. 'ನನಗೇನು ಗೊತ್ತು, ನನ್ನ ಬಾಯಿಗೆ ತಕ್ಕಂಗೆ ಚುಟ್ಟ ಸುತ್ತೋರು ಅವರು, ಅಳತೆ ಅವರ ಹತ್ರ ಐತೆ, ಕೇಳು' ಅಂದ್ಲು."

ತಿಪ್ಪೇರುದ್ರ ತುಟಿಯ ಚುಟ್ಟವನ್ನು ಮೆಲ್ಲಗೆ ತೆಗೆದು, ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ಮರುಳಪ್ಪ ಮೇಷ್ಟರು ಜೇಬಿನ ಡಬ್ಬಿಯನ್ನು ಮತ್ತೆ ತೆಗೆದರು. ಮುಚ್ಚಳ ಬಿಚ್ಚಿ ಬೆಂಚಿನ ಮೇಲೆ ಒಂದೊಂದಾಗಿ ಜೋಡಿಸಿದರು. ತೋರುಬೆರಳಿನಷ್ಟು ಒಂದು. ಕಿರುಬೆರಳಿನಷ್ಟು ಒಂದು. ಪೆನ್ಸಿಲ್ಲಿನದು. ಕೊನೆಗೆ ಇವತ್ತಿನದು. ನಡುನಡುವೆ ಇನ್ನೂ ಹತ್ತಾರು. ಎಲ್ಲದರ ಬಾಲದ ರೇಷ್ಮೆ ಗಂಟಿಗೂ ಒಂದೊಂದು ಚೀಟಿ, ಮೇಷ್ಟರ ದುಂಡನೆಯ ಅಕ್ಷರದಲ್ಲಿ ತಾರೀಖು.

"ಮೊದಲನೆಯದು ಹೋದ ವರ್ಷದ ಯುಗಾದಿಯದು, ಗಾದ್ರಪ್ಪ," ಅಂದರು. ಗದರಿಸುವ ದನಿಯಲ್ಲ, ಹಾಜರಿ ಕೂಗಿದಂತಿತ್ತು. "ಇದು ಶ್ರಾವಣ. ಹದಿನಾರು ತಿಂಗಳಾಯ್ತು."

ಗಾದ್ರಪ್ಪ ಸಾಲಿನ ಕಡೆ ನೋಡಿದ. ಹತ್ತು ಊರಿನವರು ಮೆಚ್ಚಿದ ಕೈ ಬೆಂಚಿನ ಅಂಚು ಹಿಡಿದುಕೊಂಡಿತು.

"ಮಾರಮ್ಮ ಯಾವ ಕನಸಿಗೂ ಬರಲಿಲ್ಲ," ಅಂದ. "ಬರಕೋ ನಿರ್ಮಲಾ. ಯುಗಾದಿ ಅಂತಲೇ ಬರಕೋ. ಆಗ ಹೆಬ್ಬೆರಳಿಂದು ಹಿಡೀಲಿಲ್ಲ, ತೋರುಬೆರಳಿನಷ್ಟಕ್ಕೆ ಸುತ್ತಿದೆ. ದೀಪಾವಳಿಗೆ ಕಿರುಬೆರಳು. ಶಿವರಾತ್ರಿಗೆ ಪೆನ್ಸಿಲ್ಲು. ಅವಳ ಬಾಯಿಗೆ ಹಿಡಿಸದೇ ಉಳಿದಿದ್ದನ್ನ ಇಲ್ಲಿಗೆ ತರ್ತಿದ್ದೆ. ನೀವು ಹೊಗಳಿ ಸೇದಿದ್ದೆಲ್ಲಾ ಅದೇ ಕಣ್ರಪ್ಪಾ. ಇವತ್ತಿನ ಕಟ್ಟೂ ಅವಳಿಗೆ ಅಂತಲೇ ಸುತ್ತಿದ್ದು. ಗುರುವಾರ ಇದೂ ಹೋಗಲಿಲ್ಲ."

"ಹದಿನಾರು ತಿಂಗಳು ನೋಡ್ಕೊಂಡು ಕೂತಿದ್ಯಾ?" ನಿರ್ಮಲಾಳ ಪೆನ್ನು ಕಾಗದದ ಮೇಲೆ ನಿಂತಿತ್ತು. "ಅವ್ವ ಒಂದಿನಾನೂ ಆಸ್ಪತ್ರೆಗೆ ಹೋಗಣ ಅನ್ನಲಿಲ್ವಾ?"

ಎದುರಿನ ಗೇಟಿನಲ್ಲಿ ಆಂಬುಲೆನ್ಸು ಹಿಮ್ಮುಖವಾಗಿ ಒಳಗೆ ಹೋಗುತ್ತಿತ್ತು. ಅದರ ಪಕ್ಕದ ಕಲ್ಲುಕಟ್ಟೆಯ ಮೇಲೆ, ಬಾಯಿಗೆ ಸೆರಗು ಹಿಡಿದು, ಕೊಲ್ಲಾಪುರಮ್ಮ ಕೂತಿದ್ದಳು. ಗಾದ್ರಪ್ಪ ಮೊದಲ ಸಲ ಅತ್ತ ತಿರುಗಿದ.

"ಅಂದ್ಲು. ದೀಪಾವಳಿ ಪಾಡ್ಯದ ದಿನ ಅಂದ್ಲು. 'ಬಾಯಾಗೆ ಏನೋ ಆಗೈತೆ, ಒಂದ್ಸಾರಿ ತೋರಿಸ್ಕೊಂಡು ಬರೋಣ' ಅಂದ್ಲು. ಅಷ್ಟೊತ್ತಿಗೆ ಇವರೆಲ್ಲಾ ನನ್ನ ಕೈನ ಫೋನಿನಾಗೆ ಹಾಕಿದ್ರು. ಇಂಥಾ ಸಣ್ಣ ಚುಟ್ಟ ಭೂಮಿ ಮ್ಯಾಲೆ ಯಾರೂ ಸುತ್ತಿಲ್ಲ ಅಂತಿದ್ರು. ನಾನು..."

ಅವನು ಸಾಲಿನಿಂದ ಕಿರುಬೆರಳಿನಷ್ಟಿದ್ದ ಚುಟ್ಟವನ್ನು ಎತ್ತಿಕೊಂಡ.

"ನಾನು, 'ನಿನ್ನ ಬಾಯಿ ಸರಿಯಾಗೇ ಐತೆ ಕಣೇ, ಚುಟ್ಟಾನೇ ದಪ್ಪ ಆಗೈತೆ' ಅಂದೆ. ಅಂದು, ಹಲಗೆ ಎಳ್ಕೊಂಡು ಇನ್ನೂ ಸಣ್ಣಕ್ಕೆ ಸುತ್ತಾಕೆ ಕೂತೆ."